ಗೋಡೆಯ ಮೇಲೆ ಮೂಡಿದ ಕಾಲು

ಎಡ ಮೊಣಕಾಲಿನ ಕೆಳಗೆ ಮೊದಲ ಬಿಳಿ ಮಚ್ಚೆ ಕಂಡಾಗ ನಾನದನ್ನು ಬಣ್ಣದ ಕಲೆ ಎಂದುಕೊಂಡೆ. ಹರಿಹರದ ನಮ್ಮ ಮನೆಗೆ ಆಗ ಬಣ್ಣ ಬಳಿಸುತ್ತಿದ್ದೆವು. ಎಲ್ಲಿ ಕೂತರೂ ಮೈಗೆ ಏನಾದರೊಂದು ಮೆತ್ತಿಕೊಳ್ಳುತ್ತಿತ್ತು. ಬಚ್ಚಲಲ್ಲಿ ಕೂತು ನಾರಿನಿಂದ ತಿಕ್ಕಿದೆ. ಕಾಲು ಕೆಂಪಗಾಯಿತೇ ಹೊರತು ಮಚ್ಚೆ ಹೋಗಲಿಲ್ಲ. ಕೆಲವು ವಾರಗಳಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಎದ್ದಿತು, ಆಮೇಲೆ ಪಾದದ ಮೇಲೆ ಮತ್ತೊಂದು.

ನಮ್ಮ ಕಡೆ ಇದಕ್ಕೊಂದು ಹೆಸರಿದೆ. ತೊನ್ನು. ಆ ಪದವನ್ನು ಮನೆಗಳಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ. ನಾನೂ ಆಡಲಿಲ್ಲ. ಗಂಡನಿಗೆ ತೋರಿಸಿದಾಗ ‘ಬಿಳಿ ಮಚ್ಚೆ’ ಎಂದಷ್ಟೇ ಹೇಳಿದೆ. ಅವರು ಹರಿಹರದಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ನಡೆಸುತ್ತಾರೆ, ಮಾತು ಕಡಿಮೆ. ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದರು. ಡಾಕ್ಟರ ಹತ್ತಿರ ಹೋಗೋಣ ಎಂದರು. ಹಾಗೇ, ತಂಗಿಯ ಮದುವೆ ಒಂದು ಕುದುರುವ ತನಕ ಅವ್ವನಿಗೆ ಹೇಳುವುದು ಬೇಡ ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಈ ಮಾತು ಅವರಿಗೆ ಹೇಗೆ ತಟ್ಟನೆ ಹೊಳೆಯಿತೋ ನನಗೂ ಅಷ್ಟೇ ಸಹಜವಾಗಿ ಸರಿಯೆನಿಸಿತು. ಮನೆಯಲ್ಲಿ ಒಬ್ಬರಿಗೆ ಇದೆ ಎಂದರೆ ಊರು ಇಡೀ ಮನೆಯನ್ನೇ ಆ ಕಣ್ಣಿನಿಂದ ನೋಡುತ್ತದೆ. ನಾನು ಆ ಮನೆಯ ರಕ್ತವಲ್ಲ, ಸೊಸೆ, ಆದ್ದರಿಂದ ನಾದಿನಿಗೂ ನನ್ನ ಚರ್ಮಕ್ಕೂ ಸಂಬಂಧವಿಲ್ಲ ಎಂದು ಯಾರಿಗೆ ತಿಳಿಸಿ ಹೇಳುವುದು?

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಚರ್ಮದ ಡಾಕ್ಟರೊಬ್ಬರಿದ್ದರು, ವಯಸ್ಸಾದ ಹೆಂಗಸು. ಇದು ಅಂಟುವ ಕಾಯಿಲೆಯಲ್ಲ, ಜೀವಕ್ಕೆ ಅಪಾಯವೂ ಇಲ್ಲ, ಔಷಧಿ ನಿಧಾನಕ್ಕೆ ಕೆಲಸ ಮಾಡುತ್ತದೆ ಎಂದು ಹೇಳಿ ಒಂದು ಮುಲಾಮು ಬರೆದುಕೊಟ್ಟರು. ದಿನಾ ನೋಡಿಕೊಳ್ಳುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲವಂತೆ. ತಿಂಗಳಿಗೊಂದು ಸಲ ಅದೇ ಜಾಗದಲ್ಲಿ ಅದೇ ಬೆಳಕಿನಲ್ಲಿ ಫೋಟೊ ತೆಗೆದು, ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಬೇಕಂತೆ.

ಫೋಟೊ ತೆಗೆಯುವುದೇನೋ ಸುಲಭ. ಇಡುವುದೆಲ್ಲಿ? ನಮ್ಮ ಮನೆಯಲ್ಲಿ ನನ್ನ ಫೋನು ನನ್ನ ಕೈಯಲ್ಲಿರುವುದು ಬಸ್ಸಿನಲ್ಲಿದ್ದಾಗ ಮಾತ್ರ. ಮಗಳು ಆಟವಾಡುತ್ತಾಳೆ, ಅತ್ತೆ ಧಾರಾವಾಹಿ ನೋಡುತ್ತಾರೆ, ನಾದಿನಿ ತನ್ನ ಫೋನಿನ ಚಾರ್ಜು ಮುಗಿದಾಗಲೆಲ್ಲ ಅದನ್ನೇ ಎತ್ತಿಕೊಳ್ಳುತ್ತಾಳೆ. ಲ್ಯಾಪ್‌ಟಾಪೂ ಅಷ್ಟೇ, ನಡುಮನೆಯ ಮೇಜಿನ ಮೇಲೆ ಎಲ್ಲರಿಗೂ ತೆರೆದೇ ಇರುತ್ತದೆ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಬಿ.ಸಿ.ಎ. ಮಕ್ಕಳಿಗೆ ವೆಬ್ ಪುಟಗಳನ್ನು ಬರೆಯುವುದು ಕಲಿಸುತ್ತೇನೆ. ಹಾಗಾಗಿ ನನಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದೆ. ಚಿತ್ರವೆಂದರೆ ಕಂಪ್ಯೂಟರಿನ ಪಾಲಿಗೆ ಬರೀ ಸಂಖ್ಯೆಗಳ ಉದ್ದನೆಯ ಸಾಲು. ಕಡತದ ಹೆಸರಿನ ಕೊನೆಯಲ್ಲಿರುವ ‘ಜೆಪಿಜಿ’ ಎಂಬ ಬಾಲವನ್ನು ನೋಡಿ ಕಂಪ್ಯೂಟರು ಇದು ಚಿತ್ರ ಎಂದು ಗುರುತಿಸುತ್ತದೆ, ಅಂಗೈಯಗಲದ ಪುಟ್ಟ ನಕಲನ್ನೂ ಮೊದಲೇ ತೋರಿಸಿಬಿಡುತ್ತದೆ. ಆ ಬಾಲವನ್ನು ಕತ್ತರಿಸಿ ‘ಬಿನ್’ ಎಂದು ಬದಲಿಸಿದರೆ ಬರೀ ಬಿಳಿ ಹಾಳೆಯ ಗುರುತು ಕಾಣುತ್ತದೆ. ಯಾರು ಒತ್ತಿದರೂ ತೆರೆಯುವುದಿಲ್ಲ. ಅಂಥ ಕಡತವನ್ನು ತೋರಿಸಲೆಂದೇ ಒಂದು ಪುಟ ಬರೆದೆ. ಕಡತವನ್ನು ಆರಿಸಿದರೆ ಪುಟದೊಳಗಿನ ಸ್ಕ್ರಿಪ್ಟು ಆ ಸಂಖ್ಯೆಗಳನ್ನು ಒಂದೊಂದಾಗಿ ಓದಿಕೊಂಡು, ಇದು ಚಿತ್ರವೆಂದು ಬ್ರೌಸರಿಗೆ ತಿಳಿಸಿ, ಒಂದು ತಾತ್ಕಾಲಿಕ ವಿಳಾಸ ಕೊಟ್ಟು, ಪುಟದ ಮೇಲಿನ ಚೌಕಟ್ಟಿಗೆ ಅದನ್ನು ಜೋಡಿಸುತ್ತದೆ. ಎಲ್ಲವೂ ನನ್ನ ಯಂತ್ರದೊಳಗೇ ನಡೆಯುತ್ತದೆ. ಯಾವ ಸರ್ವರಿಗೂ ಏನೂ ಹೋಗುವುದಿಲ್ಲ. ಪುಟ ಮುಚ್ಚಿದರೆ ಕಾಲೂ ಇಲ್ಲ, ಮಚ್ಚೆಯೂ ಇಲ್ಲ. ಡಾಕ್ಟರು ಹೇಳಿದಂತೆ ಹೋಲಿಸಿ ನೋಡಲು ಎರಡು ಚೌಕಟ್ಟು ಮಾಡಿದ್ದೆ. ಮೊದಲು ಆರಿಸಿದ ಚಿತ್ರ ಎಡಕ್ಕೆ ನಿಲ್ಲುತ್ತಿತ್ತು, ಆಮೇಲೆ ಆರಿಸಿದ್ದು ಬಲಕ್ಕೆ ಬರುತ್ತಿತ್ತು. ಕಡತಗಳಿಗೆ ಪಾಠದ ಹೆಸರುಗಳನ್ನೇ ಇಟ್ಟೆ, ‘ಘಟಕ ಮೂರು ಮಾದರಿ’ ಅಂತ. ಮಕ್ಕಳ ಪಾಠಕ್ಕೆ ಯಾರು ಕೈ ಹಾಕುತ್ತಾರೆ?

ಒಂದು ವರ್ಷ ಹೀಗೇ ನಡೆಯಿತು. ಮನೆಯಲ್ಲಿ ಹಿಮ್ಮಡಿ ಒಡೆದಿದೆ ಎಂಬ ನೆಪ ಹೇಳಿ ಕಾಲುಚೀಲ ಹಾಕಿಕೊಂಡೇ ಇರುತ್ತಿದ್ದೆ. ಇಂಥದ್ದೊಂದು ಪುಟ ಬರೆದೆನಲ್ಲ ಎಂದು ಒಳಗೊಳಗೇ ಜಂಬವೂ ಇತ್ತು. ಅದೇ ಜಂಬದಿಂದ ಅದನ್ನು ತರಗತಿಗೆ ಒಯ್ದೆ.

ಆ ಸೆಮಿಸ್ಟರಿನ ಪಾಠವೂ ಅದೇ ಆಗಿತ್ತು, ಚಿತ್ರದ ಕಚ್ಚಾ ದತ್ತಾಂಶವನ್ನು ಬ್ರೌಸರಿನಲ್ಲೇ ಓದಿ ತೋರಿಸುವುದು. ಪ್ರತಿ ವರ್ಷ ಈ ಪಾಠ ಬಂದಾಗ ಮಕ್ಕಳು ಮಂಕಾಗುತ್ತಾರೆ. ಚಿತ್ರದ ಹೆಸರು ಬರೆದರೆ ಚಿತ್ರ ಬರುತ್ತದೆ, ಇಷ್ಟೆಲ್ಲ ಯಾಕೆ ಎನ್ನುವುದು ಅವರ ತಕರಾರು. ಈ ಸಲ ಹೊಸದಾಗಿ ಹೇಳೋಣ ಎಂದುಕೊಂಡೆ. ಕಾಲೇಜಿನ ಅಂಗಳದ ಹೊಂಗೆಮರದ ಒಂದು ಫೋಟೊ ತೆಗೆದು, ಬಾಲ ಕತ್ತರಿಸಿ, ಅದಕ್ಕೂ ಘಟಕ ಮೂರರ ಹೆಸರೇ ಕೊಟ್ಟು, ಲ್ಯಾಪ್‌ಟಾಪಿನ ಬೇರೊಂದು ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದೆ. ತೋರಿಸಲು ನನ್ನ ಪುಟ ಹೇಗೂ ಇತ್ತು.

ಅವತ್ತು ಬೆಳಿಗ್ಗೆಯೇ ನನ್ನ ತಿಂಗಳ ಫೋಟೊದ ಸರದಿ ಬಂದಿತ್ತು. ಕಾಲೇಜಿಗೆಂದು ಬದನೆಕಾಯಿ ಬಣ್ಣದ, ಹಳದಿ ಅಂಚಿನ ಕಾಟನ್ ಸೀರೆ ಉಟ್ಟಿದ್ದೆ. ಕೋಣೆಯ ಬಾಗಿಲು ಹಾಕಿ, ನೆರಿಗೆಯನ್ನು ಮೊಣಕಾಲ ತನಕ ಎತ್ತಿಹಿಡಿದು, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದೆ. ಲ್ಯಾಪ್‌ಟಾಪಿಗೆ ಹಾಕಿ, ಫೋನಿನಿಂದ ಅಳಿಸಿ, ಹಿಂದಿನ ತಿಂಗಳದರ ಪಕ್ಕ ಇಟ್ಟು ನೋಡಿದೆ. ಏನೂ ಕಡಿಮೆಯಾಗಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎಲ್ಲವನ್ನೂ ಮುಚ್ಚಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಓಡಿದೆ.

ತರಗತಿಯಲ್ಲಿ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ, ಕಡತ ಆರಿಸುವ ಗುಂಡಿ ಒತ್ತಿದೆ. ಬ್ರೌಸರು ಕೊನೆಯ ಸಲ ತೆರೆದಿದ್ದ ಫೋಲ್ಡರನ್ನೇ ಮುಂದಿಟ್ಟಿತು. ಅದು ಬೆಳಗಿನ ಫೋಲ್ಡರ್ ಎಂದು ನನಗೆ ಹೊಳೆಯಲಿಲ್ಲ. ಪುಟ್ಟ ನಕಲುಗಳಿಲ್ಲ, ಬರೀ ಬಿಳಿ ಹಾಳೆಯ ಗುರುತುಗಳು, ಕೆಳಗೆ ಘಟಕ ಮೂರು, ಘಟಕ ಮೂರು. ಯಾರೂ ಗುರುತು ಹಿಡಿಯಬಾರದೆಂದು ನಾನೇ ಮಾಡಿದ್ದು, ನಾನೂ ಗುರುತು ಹಿಡಿಯಲಿಲ್ಲ. ಒಂದನ್ನು ಆರಿಸಿದೆ.

ಮೊದಲು ಅದನ್ನು ಅಕ್ಷರಗಳಾಗಿ ತೋರಿಸಿದೆ. ಗೋಡೆಯ ತುಂಬ ಚಿಹ್ನೆಗಳು, ಚೌಕಗಳು, ಅರ್ಥವಿಲ್ಲದ ಅಕ್ಷರಗಳು ಸುರಿದವು. ಮಕ್ಕಳು ನಕ್ಕರು. ನಾನೂ ನಗುತ್ತಾ, ನೋಡಿ, ಒಳಗಿರುವುದು ಇದೇ, ಸರಿಯಾಗಿ ಓದುವವರು ಬೇಕು ಅಷ್ಟೇ ಎಂದೆ. ಆಮೇಲೆ ‘ಚಿತ್ರವಾಗಿ ತೋರಿಸು’ ಗುಂಡಿ ಒತ್ತಿ, ಅವರ ಮುಖದಲ್ಲಿ ಅಚ್ಚರಿ ಮೂಡುವುದನ್ನು ನೋಡಲೆಂದು ಗೋಡೆಗೆ ಬೆನ್ನು ಮಾಡಿ ಅವರ ಕಡೆ ತಿರುಗಿ ನಿಂತೆ.

ಮುಖಗಳು ಬದಲಾದವು, ಆದರೆ ನಾನು ಎಣಿಸಿದಂತೆ ಅಲ್ಲ. ನಗು ನಿಂತುಹೋಯಿತು. ಮುಂದಿನ ಬೆಂಚಿನ ಹುಡುಗಿಯ ಕಣ್ಣು ಗೋಡೆಯಿಂದ ನನ್ನ ಸೀರೆಗೆ ಬಂತು, ಸೀರೆಯಿಂದ ಮತ್ತೆ ಗೋಡೆಗೆ ಹೋಯಿತು. ನಾನು ತಿರುಗಿ ನೋಡಿದೆ. ಆಳೆತ್ತರಕ್ಕೂ ಮೇಲೆ ನನ್ನ ಕಾಲು. ಎತ್ತಿಹಿಡಿದ ಬದನೆಕಾಯಿ ಬಣ್ಣದ ನೆರಿಗೆ, ಹಳದಿ ಅಂಚು, ಕಾಲುಂಗುರ, ನಮ್ಮ ಮನೆಯ ಕೆಂಪು ನೆಲ. ನಡುವೆ ಆ ಮಚ್ಚೆಗಳು, ಒಂದೊಂದೂ ತಟ್ಟೆಯಗಲ.

ಅವಸರದಲ್ಲಿ ಹೊಂಗೆಮರದ ಕಡತವನ್ನು ಹುಡುಕಿ ಆರಿಸಿದೆ. ಅದು ಬಂದರೆ ಇದು ಹೋಗುತ್ತದೆ ಎಂದುಕೊಂಡೆ. ಆದರೆ ಆ ಪುಟವನ್ನು ಹೋಲಿಕೆಗೆಂದೇ ಬರೆದಿದ್ದೆನಲ್ಲ. ಕಾಲು ಎಡಕ್ಕೆ ಸರಿದು ನಿಂತಿತು, ಹೊಂಗೆಮರ ಬಲಕ್ಕೆ ಬಂತು. ಎರಡೂ ಅಕ್ಕಪಕ್ಕ. ಪುಟವನ್ನು ಮುಚ್ಚಬೇಕು ಎಂಬುದು ನನ್ನ ಬೆರಳಿಗೆ ಹೊಳೆಯುವ ಹೊತ್ತಿಗೆ ಹಿಂದಿನ ಬೆಂಚಿನವರೂ ಎದ್ದುನಿಂತು ನೋಡಿಯಾಗಿತ್ತು.

“ಅದು ನೆಟ್‌ನಿಂದ ಇಳಿಸಿಕೊಂಡ ಚಿತ್ರ” ಎಂದೆ. ಯಾರೂ ಕೇಳಿರಲಿಲ್ಲ.

ಗಂಟೆ ಹೊಡೆಯುವವರೆಗೆ ಪಾಠ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಮಕ್ಕಳು ಯಾವತ್ತೂ ಇಲ್ಲದಷ್ಟು ವಿಧೇಯರಾಗಿ ಬರೆದುಕೊಂಡರು, ಯಾರೂ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೆರಿಗೆಯನ್ನು ಪಾದದ ಮೇಲೆ ಎಳೆದೆಳೆದು ಮುಚ್ಚಿಕೊಂಡೆ. ಪಕ್ಕದ ಹೆಂಗಸು ಚಳಿಯಾಗುತ್ತಿದೆಯೇ ಎಂದು ಕೇಳಿದಳು.

ಮನೆಗೆ ಬಂದು ಕೋಣೆಯಲ್ಲಿ ಗಂಡನ ಮುಂದೆ ಅತ್ತುಬಿಟ್ಟೆ. ಅವರು ಬಾಗಿಲು ಹಾಕಿ ಬಂದು, ದನಿ ತಗ್ಗಿಸಿ, ಯಾರಾದರೂ ಕೇಳಿದರೆ ಪಾಠದ ಚಿತ್ರ ಎಂದೇ ಹೇಳು, ಅದರಿಂದ ಕದಲಬೇಡ ಎಂದರು. ಹೊರಗೆ ನಾದಿನಿ ಓಡಾಡುತ್ತಿದ್ದ ಸದ್ದು ಕೇಳುತ್ತಿತ್ತು.

ಆ ದಿನಗಳಲ್ಲಿ ಅವಳ ಮದುವೆಯ ಮಾತು ಮುಕ್ಕಾಲು ಮುಗಿದಿತ್ತು. ಹುಡುಗ ದಾವಣಗೆರೆಯ ಆನೆಕೊಂಡದವನು, ಪಿ.ಬಿ. ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಎರಡು ಮನೆಯವರೂ ಒಪ್ಪಿದ್ದರು, ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಿಶ್ಚಿತಾರ್ಥದ ದಿನ ಗೊತ್ತು ಮಾಡಲು ಅವರು ಮುಂದಿನ ಭಾನುವಾರ ಬರುವವರಿದ್ದರು. ಶುಕ್ರವಾರ ಹುಡುಗನ ತಾಯಿ ಅತ್ತೆಗೆ ಫೋನ್ ಮಾಡಿ, ದಿನದ ಜೊತೆ ಇನ್ನೊಂದು ಸಣ್ಣ ವಿಷಯವನ್ನೂ ಮಾತಾಡುವುದಿದೆ ಎಂದರಂತೆ. ಅತ್ತೆ ಅದನ್ನು ಊಟದ ಮನೆಯದೋ ಸೀರೆಯದೋ ಮಾತೆಂದು ತಿಳಿದರು. ನನಗೆ ಮಾತ್ರ ತರಗತಿಯ ಗೋಡೆ ನೆನಪಾಯಿತು. ವಿಚಾರಿಸಿ ನೋಡಿದರೆ ನನ್ನ ತರಗತಿಯ ಒಬ್ಬ ಹುಡುಗಿ ಆ ಹುಡುಗನ ಚಿಕ್ಕಪ್ಪನ ಮಗಳು.

ಶನಿವಾರ ಗಂಡ ಒಂದು ಉಪಾಯ ಹೇಳಿದರು. ನೆಟ್‌ನಲ್ಲಿ ಇಂಥದ್ದೇ ಕಾಲಿನ ಚಿತ್ರ ಸಿಗುವುದಿಲ್ಲವೇ, ಒಂದನ್ನು ಇಳಿಸಿಕೊಂಡು ಇಟ್ಟುಕೋ, ಕೇಳಿದರೆ ತೋರಿಸಿಬಿಡೋಣ ಎಂದರು. ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಯಾವುದೋ ದೇಶದ ವೈದ್ಯಕೀಯ ಪುಟದಲ್ಲಿ, ನನ್ನಷ್ಟೇ ವಯಸ್ಸಿನ ಯಾರೋ ಹೆಂಗಸಿನ ಕಾಲು ಸಿಕ್ಕಿತು. ನನ್ನದಕ್ಕಿಂತ ಹೆಚ್ಚು ಮಚ್ಚೆಗಳಿದ್ದವು. ಅದನ್ನು ಇಳಿಸಿಕೊಂಡೆ. ನನ್ನ ಕಾಲಿನ ಚಿತ್ರಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಸಾಗಿಸಿ, ಆ ಹೆಸರುಗಳಲ್ಲೊಂದನ್ನು ಈ ಕಾಲಿಗೆ ಕೊಟ್ಟೆ.

ಭಾನುವಾರ ಹುಡುಗ, ಅವನ ತಂದೆ, ತಾಯಿ ಬಂದರು. ಉಪ್ಪಿಟ್ಟು, ಕೇಸರಿಬಾತು ಮಾಡಿದ್ದೆವು. ನಾನು ಕಾಲುಚೀಲ ಹಾಕಿಕೊಂಡೇ ಬಡಿಸಿದೆ. ದಿನದ ಮಾತು ಮುಗಿದ ಮೇಲೆ ಹುಡುಗನ ತಾಯಿ ಲೋಟ ಕೆಳಗಿಟ್ಟು, ಬಹಳ ಸಂಕೋಚದಿಂದ ಅತ್ತೆಯ ಕಡೆ ತಿರುಗಿದರು.

“ತಪ್ಪು ತಿಳ್ಕಾಬ್ಯಾಡ್ರಿ. ನಮ್ಮ ಮೈದುನನ ಮಗಳು ನಿಮ್ಮ ಸೊಸಿ ಹತ್ರಾನೆ ಓದ್ತಾಳೆ. ಕ್ಲಾಸಿನಾಗ ಏನೋ ಫೋಟೊ ನೋಡಿದ್ಲಂತೆ. ಕೇಳದಿದ್ರೆ ಮನಸ್ಸಿನಾಗ ಉಳಿತೈತೆ, ಅದಕ್ಕ ಕೇಳ್ತೀನಿ. ನಿಮ್ಮ ಮನ್ಯಾಗ ಯಾರಿಗಾದ್ರೂ ಮಚ್ಚಿ ಐತೇನ್ರಿ?”

ಅತ್ತೆಗೆ ಏನೂ ಗೊತ್ತಿರಲಿಲ್ಲ. ಹಾಗಾಗಿ ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

“ನಮ್ಮ ಮನ್ಯಾಗ ಅಂಥಾದ್ದು ಯಾರಿಗೂ ಇಲ್ಲ. ದೇವರ ಮುಂದ ಕುಂತು ಹೇಳ್ತೀನಿ” ಎಂದರು. ನನ್ನ ಕಡೆ ತಿರುಗಿ, “ಅದೇನು ಫೋಟೊ ಅಂತ ಹೇಳವ್ವ ಅವ್ರಿಗೆ” ಎಂದರು.

ಗಂಡ ಎದ್ದುಹೋಗಿ ಲ್ಯಾಪ್‌ಟಾಪ್ ತಂದಿಟ್ಟರು. ನಾನು ಕೆಳಗೆ ಕೂತು ಪುಟ ತೆರೆದೆ. ಹೇಳಬೇಕಾದ್ದಕ್ಕಿಂತ ಹೆಚ್ಚೇ ಹೇಳಿದೆ. ಚಿತ್ರ ಸಂಖ್ಯೆಗಳಾಗಿರುವುದು, ಅದನ್ನು ಸ್ಕ್ರಿಪ್ಟು ಓದುವುದು, ಮಕ್ಕಳಿಗೆ ಕಲಿಸಲು ನೆಟ್‌ನಿಂದ ಯಾವುದಾದರೊಂದು ಚಿತ್ರ ತೆಗೆದುಕೊಳ್ಳುವುದು. ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದೆ, ಎಲ್ಲೂ ತಡವರಿಸಲಿಲ್ಲ. ಗುಂಡಿ ಒತ್ತಿದೆ. ಆ ಪರದೇಶದ ಹೆಂಗಸಿನ ಕಾಲು ನಮ್ಮ ನಡುಮನೆಯಲ್ಲಿ ಬಂದು ನಿಂತಿತು.

ಸೀರೆ ಉಟ್ಟ ಕಾಲು ಎಂದು ನನ್ನ ತರಗತಿಯ ಆ ಹುಡುಗಿ ಹೇಳಿದ್ದಳಂತೆ. ಹುಡುಗನ ತಂದೆ ಅದನ್ನು ಮೆಲ್ಲಗೆ ಹೇಳಿಯೂ ನೋಡಿದರು. ಪ್ರೊಜೆಕ್ಟರಿನ ಬೆಳಕಿಗೆ ಹಿಂದಿನ ಬಟ್ಟೆ ಹಾಗೆ ಕಂಡಿರಬಹುದು ಎಂದು ನನ್ನ ಗಂಡ ಹೇಳಿದರು. ಹುಡುಗನ ತಾಯಿ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿ ನೋಡಿದರು. ಅವರ ಮುಖ ಹಗುರಾಯಿತು. “ಅಯ್ಯೋ ಪಾಪ, ಯಾರ ಮಗಳೋ ಏನೋ” ಎಂದರು.

ಆ ಮಾತಿಗೆ ನಾನು ತಲೆ ತಗ್ಗಿಸಿದೆ. ತಗ್ಗಿಸುವಾಗ ಹುಡುಗ ಕಣ್ಣಿಗೆ ಬಿದ್ದ. ಎಲ್ಲರೂ ಪರದೆ ನೋಡುತ್ತಿದ್ದರೆ ಅವನೊಬ್ಬ ತನ್ನ ತಟ್ಟೆಯನ್ನು ನೋಡುತ್ತಿದ್ದ. ತಣ್ಣಗಾದ ಉಪ್ಪಿಟ್ಟನ್ನು ಚಮಚದಿಂದ ಆ ಕಡೆ ಈ ಕಡೆ ಮಾಡುತ್ತಿದ್ದ. ಅವನಿಗೆ ನಾಚಿಕೆ ಹೆಚ್ಚು ಎಂದುಕೊಂಡೆ.

ಅವರು ಹೋದ ಮೇಲೆ ನಾನು, ನಾದಿನಿ ಹಿತ್ತಲಲ್ಲಿ ಪಾತ್ರೆ ತೊಳೆಯಲು ಕೂತೆವು. ನಾನು ತಿಕ್ಕಿ ಕೊಡುತ್ತಿದ್ದೆ, ಅವಳು ತೊಳೆದು ಬೋರಲು ಹಾಕುತ್ತಿದ್ದಳು. ನನ್ನ ಮುಖ ನೋಡದೆ ಹೇಳಿದಳು.

“ಅತ್ತಿಗೆ, ಅವ್ರಿಗೆ ಗೊತ್ತೈತೆ.”

“ಯಾರಿಗೆ?”

“ಅವ್ರಿಗೆ. ನೀವು ಕಾಲೇಜಿಂದ ಅತ್ಕೊಂತ ಬಂದ ದಿನಾನೆ ನಾನು ಫೋನಿನಾಗ ಹೇಳೀನಿ.”

ಅವಳಿಗೇ ಹೇಗೆ ಗೊತ್ತು ಎಂದು ಕೇಳಿದೆ. ಮುಲಾಮಿನ ಖಾಲಿ ಟ್ಯೂಬು, ನೆಲ ಒರೆಸುವಾಗ ನಾನು ಸೀರೆ ಎತ್ತಿ ಸಿಕ್ಕಿಸದೆ ಒದ್ದೆ ಮಾಡಿಕೊಳ್ಳುವುದು, ಇದನ್ನೆಲ್ಲ ನೋಡಿ ಅವಳಿಗೆ ವರ್ಷದ ಹಿಂದೆಯೇ ತಿಳಿದಿತ್ತಂತೆ. ಅವನು ಏನೆಂದ ಎಂದು ಕೇಳಿದೆ.

“ಅದಕ್ಕೇನೀಗ ಅಂದ್ರು. ಅಷ್ಟೇ.”

“ಇವತ್ತು ಅವರು ಬರೋಕ ಮುಂಚೆ ನನಗೊಂದು ಮಾತು ಹೇಳಬಾರದಿತ್ತಾ?”

ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆದಳು. “ನೀವು ನನಗೆ ಯಾವತ್ತೂ ಹೇಳಿರ್ಲಿಲ್ಲಲ್ಲ. ನನಗೆ ಗೊತ್ತೈತೆ ಅಂತ ನಾನಾಗೇ ಹೆಂಗೆ ಹೇಳ್ಲಿ?”

ಹಾಗಾದರೆ ನಾನು ನಡುಮನೆಯಲ್ಲಿ ಕೂತು ಸಂಖ್ಯೆಗಳ ಕತೆ ಹೇಳುತ್ತಿದ್ದಾಗ, ಯಾರದೋ ಕಾಲನ್ನು ತೋರಿಸಿ ನಂಬಿಸುತ್ತಿದ್ದಾಗ, ಅವನು ಎಲ್ಲವನ್ನೂ ತಿಳಿದೇ ಕೂತಿದ್ದ. ನನ್ನ ಒಂದೊಂದು ಸುಳ್ಳನ್ನೂ ಸುಳ್ಳೆಂದೇ ಕೇಳಿಸಿಕೊಂಡಿದ್ದ. ನನ್ನ ಮರ್ಯಾದೆ ಉಳಿಸಲೆಂದು ತಟ್ಟೆಯೊಳಗೆ ಕಣ್ಣಿಟ್ಟುಕೊಂಡಿದ್ದ. ತರಗತಿಯ ಗೋಡೆಯ ಮೇಲೆ ಕಾಲು ಮೂಡಿದಾಗ ನನಗೆ ಮೈಯ ನಾಚಿಕೆಯಾಗಿತ್ತು. ಹಿತ್ತಲಲ್ಲಿ ಕೂತು ಈಗ ಆಗಿದ್ದು ಬೇರೆಯೇ. ಸೀರೆ ಎಳೆದುಕೊಂಡರೆ ಮುಚ್ಚುವಂಥದ್ದಲ್ಲ.

ಅತ್ತೆಯ ಮಾತು ಅದಕ್ಕಿಂತ ಹೆಚ್ಚಾಗಿ ಕೊರೆಯುತ್ತಿತ್ತು. ದೇವರ ಮುಂದೆ ಕೂತು ಹೇಳುತ್ತೇನೆ ಎಂದಿದ್ದರು. ಸಂಜೆ ದೀಪ ಹಚ್ಚಿ ಅವರು ಜಗಲಿಗೆ ಬಂದಾಗ ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಗಂಡನನ್ನೂ ಕೇಳದೆ ಹೇಳಿದೆ.

“ನನ್ನ ಬಾಯಿಂದ ಸುಳ್ಳು ಹೇಳಿಸಿದ್ರಿ” ಎಂದರು ಕೊನೆಗೆ. ದನಿ ಏರಿಸಲಿಲ್ಲ. “ಒಂದು ವರ್ಷ ಆ ಪೆಟ್ಟಿಗಿಗೆ ತೋರಿಸ್ಕೊಂತ ಕುಂತಿ. ಬಾಜು ಕೋಣ್ಯಾಗ ಮಲಗೋ ನನಗೆ ತೋರಿಸಲಿಲ್ಲ.”

ತೋರಿಸು ಎಂದರು. ಲ್ಯಾಪ್‌ಟಾಪ್ ತರಲು ಎದ್ದೆ. ಅದು ಬೇಡ ಎಂದು ನನ್ನ ಕೈ ಹಿಡಿದು ಕೂರಿಸಿದರು. ಕಾಲುಚೀಲ ತೆಗೆದು ಸೀರೆ ಸರಿಸಿದೆ. ಅವರು ಹೆಬ್ಬೆರಳಿನಿಂದ ಒಂದೊಂದೇ ಮಚ್ಚೆಯ ಅಂಚನ್ನು ಸವರಿದರು, ಹಪ್ಪಳ ಒಣಗಿದೆಯೇ ಎಂದು ನೋಡುವವರ ಹಾಗೆ.

“ಉರಿತೈತೇನು?”

“ಇಲ್ಲ ಅತ್ತೆ.”

“ಮತ್ತ್ಯಾಕ ಅಳ್ತಿ?” ಎಂದರು. ಆದರೆ ಅವರ ಸಿಟ್ಟು ಇಳಿದಿರಲಿಲ್ಲ. ಆ ಸಂಜೆ ನನ್ನ ಕೈಯಿಂದ ಊಟ ಬಡಿಸಿಕೊಳ್ಳಲಿಲ್ಲ, ಮಗನ ಜೊತೆ ಮಾತೂ ಆಡಲಿಲ್ಲ. ಗಂಡ ವರ್ಕ್‌ಶಾಪಿನಲ್ಲಿ ಕೆಲಸವಿದೆ ಎಂದು ಊಟ ಅರ್ಧಕ್ಕೇ ಬಿಟ್ಟು ಹೊರಗೆ ಹೋದರು.

ಮರುದಿನ ಅತ್ತೆ ಒಳ್ಳೆಯ ಸೀರೆ ಉಟ್ಟು, ಯಾರನ್ನೂ ಜೊತೆಗೆ ಕರೆಯದೆ, ದಾವಣಗೆರೆಯ ಬಸ್ಸು ಹತ್ತಿದರು. ನಾದಿನಿ ಕೆಲಸಕ್ಕೆ ರಜೆ ಹಾಕಿ ಬಾಗಿಲಲ್ಲೇ ಕೂತಳು. ನಾನು ಕಾಲೇಜಿಗೆ ಹೋಗಲಿಲ್ಲ. ಮಧ್ಯಾಹ್ನ ಕಳೆದು ಅತ್ತೆ ಬಂದರು. ಕಾಲು ತೊಳೆದು, ನೀರು ಕುಡಿದು, ಗೋಡೆಗೆ ಒರಗಿ ಕೂತು, “ಲಗ್ನ ಆಗ್ತೈತೆ. ಅಕ್ಕಿ ಹಸನು ಮಾಡೋದು ಶುರು ಮಾಡ್ರಿ” ಎಂದರು. ಆನೆಕೊಂಡದ ಆ ಮನೆಯಲ್ಲಿ ಅತ್ತೆ ಏನು ಹೇಳಿದರು, ಆ ಮನೆಯವರು ಏನೆಂದರು, ಇವರು ಕೈ ಮುಗಿದರೋ ಜಗಳವಾಡಿದರೋ, ನಮಗೆ ಇವತ್ತಿಗೂ ಹೇಳಿಲ್ಲ. ನಾನು ಕೇಳಿಲ್ಲ. ನನ್ನ ಸುಳ್ಳನ್ನು ಬಿಡಿಸಲು ಅಷ್ಟು ವಯಸ್ಸಾದವರು ಬಸ್ಸಿನಲ್ಲಿ ಹೋಗಿ ಬೇರೆಯವರ ಮನೆಯ ಚಾಪೆಯ ಮೇಲೆ ಕೂತು ಮಾತಾಡಬೇಕಾಯಿತು ಎಂಬುದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮದುವೆಯಾಯಿತು. ಚಪ್ಪರದಲ್ಲಿ ಹುಡುಗನ ತಾಯಿ ನನ್ನ ಹಣೆಗೆ ಕುಂಕುಮ ಹಚ್ಚಿ, ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಅದು ಕ್ಷಮೆಯೋ, ಬರೀ ಶಾಸ್ತ್ರವೋ ತಿಳಿಯಲಿಲ್ಲ.

ನಾದಿನಿಯ ಗಂಡನ ಮುಂದೆ ಮಾತ್ರ ನನಗೆ ನಿಲ್ಲಲಾಗುತ್ತಿರಲಿಲ್ಲ. ಹಬ್ಬಕ್ಕೆ ಬಂದಾಗ ಅವನು ನಡುಮನೆಯಲ್ಲಿ ಅದೇ ಜಾಗದಲ್ಲಿ ಕೂರುತ್ತಿದ್ದ. ನಾನು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ತಟ್ಟೆಯನ್ನು ಮಗಳ ಕೈಯಲ್ಲಿ ಕಳಿಸುತ್ತಿದ್ದೆ. ಅಕ್ಕಾರು ನನ್ನ ಮೇಲೆ ಸಿಟ್ಟಾಗಿದ್ದಾರಾ ಎಂದು ಅವನು ಹೆಂಡತಿಯನ್ನು ಕೇಳಿದನಂತೆ. ಅದು ಕಿವಿಗೆ ಬಿದ್ದ ಮೇಲೆ ಇನ್ನು ತಡೆಯಬಾರದು ಎನಿಸಿತು.

ಒಂದು ಮಧ್ಯಾಹ್ನ ಕಾಲೇಜು ಮುಗಿಸಿ ಪಿ.ಬಿ. ರಸ್ತೆಯ ಅವನ ಅಂಗಡಿಗೆ ಹೋದೆ. ಆನಗೋಡಿನ ಕಡೆಯ ಒಬ್ಬ ರೈತ ಹಳೆಯ ಬೇರಿಂಗನ್ನು ಕೌಂಟರಿನ ಮೇಲಿಟ್ಟು, ಇದರ ಅಳತೆಯದೇ ಬೇಕು ಎನ್ನುತ್ತಿದ್ದ. ನಾದಿನಿಯ ಗಂಡ ಒಂದಾದ ಮೇಲೊಂದು ಡಬ್ಬಿ ತೆಗೆದು ಹೋಲಿಸಿ ನೋಡುತ್ತಿದ್ದ. ನನ್ನನ್ನು ಕಂಡವನೇ ಸ್ಟೂಲು ಒರೆಸಿ ಕೂರಿಸಿದ. ರೈತ ಹೋಗುವ ತನಕ ಕಾದೆ.

ಮನೆಯಲ್ಲಿ ಹತ್ತಾರು ಸಲ ಕಟ್ಟಿಕೊಂಡಿದ್ದ ಮಾತು ಅಲ್ಲಿ ಬರಲಿಲ್ಲ. ಅವತ್ತು ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದು ನನ್ನ ಕಾಲಲ್ಲ, ನಿಮಗೆ ಗೊತ್ತಿತ್ತು ಅಂತ ಆಮೇಲೆ ತಿಳಿಯಿತು, ನಿಮ್ಮ ಮುಂದೆ ಅಷ್ಟೆಲ್ಲ ಮಾತಾಡಿದೆನಲ್ಲ ಎಂದು ನನಗೆ ತಡೆಯಲಾಗುತ್ತಿಲ್ಲ, ಎಂದು ಹೇಗೋ ಮುಗಿಸಿದೆ.

ಅವನು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ನಿಂತ. ನಕ್ಕು ಹಾರಿಸಿಬಿಡುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ.

“ನಿಮ್ಮದು ಬಿಡ್ರಿ ಅಕ್ಕಾರ. ನನಗೆ ನಂದೇ ನಾಚಿಗಿ ಆಗೈತೆ. ನನಗೆಲ್ಲ ಗೊತ್ತಿತ್ತು. ಅವ್ವ ಕೇಳೋವಾಗ, ಇದನ್ನೆಲ್ಲ ಯಾಕ ಕೇಳ್ತಿ, ಬಿಡು ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತು. ನಿಮಗೆ ಆ ಫಜೀತಿನೇ ಇರ್ತಿರ್ಲಿಲ್ಲ. ಅಪ್ಪ ಅವ್ವನ ಮುಂದೆ ಬಾಯಿ ಬರ್ಲಿಲ್ಲ ನನಗೆ. ಉಪ್ಪಿಟ್ಟು ತಿನ್ಕೊಂತ ಕುಂತೆ.”

ಅವನು ತಟ್ಟೆ ನೋಡುತ್ತಿದ್ದುದು ನನ್ನ ಮೇಲಿನ ದಯೆಯಿಂದ ಎಂದು ಇಷ್ಟು ತಿಂಗಳು ನಂಬಿದ್ದೆ. ಅವನು ಅದನ್ನು ತನ್ನ ಅಂಜುಬುರುಕುತನ ಎಂದು ಎಣಿಸಿಕೊಂಡು ಅಷ್ಟೇ ತಿಂಗಳು ಹೊತ್ತಿದ್ದ. ಹಬ್ಬಕ್ಕೆ ನಾನು ಒಳಗೆ ಅಡಗಿ ಕೂತಾಗ, ಇವರು ನನ್ನ ಹೇಡಿತನ ನೋಡಿದ್ದಾರೆ, ಅದಕ್ಕೇ ಮುಖ ತೋರಿಸುತ್ತಿಲ್ಲ ಎಂದುಕೊಂಡಿದ್ದನಂತೆ. ಹಾಗೇನಿಲ್ಲ ಎಂದೆ. ಅವನೂ ಹಾಗೇನಿಲ್ಲ ಬಿಡ್ರಿ ಎಂದ. ಇಬ್ಬರ ಮಾತೂ ಇಬ್ಬರಿಗೂ ಪೂರ್ತಿ ನಂಬಿಕೆಯಾಗಲಿಲ್ಲ ಎನಿಸುತ್ತದೆ.

ಪಕ್ಕದ ಅಂಗಡಿಯಿಂದ ಚಹಾ ತರಿಸಿದ. ಆ ಹೊತ್ತಿಗೆ ನನ್ನ ಬಲಗೈಯ ಬೆರಳ ಗೆಣ್ಣುಗಳ ಮೇಲೂ ಬಿಳುಪು ಇಳಿಯಲು ಶುರುವಾಗಿತ್ತು. ಲೋಟ ಹಿಡಿದಾಗ ಅವನ ಕಣ್ಣು ಅದರ ಮೇಲೆ ಬಿತ್ತು. ಈ ಸಲ ಬೇರೆ ಕಡೆ ನೋಡಲಿಲ್ಲ. ಇದು ಹೊಸದಾ ಎಂದು ಕೇಳಿದ. ಹೌದು, ಹೋದ ತಿಂಗಳಿಂದ ಎಂದೆ. ಔಷಧಿ ಬದಲಿಸಿದ್ದಾರಾ ಎಂದು ಕೇಳಿದ. ಹೇಳಿದೆ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ, ನಾನು ಎದ್ದೆ.

ನನ್ನ ನಾಚಿಕೆ ಅಲ್ಲಿಗೆ ಮುಗಿಯಿತು ಎಂದು ಬರೆದರೆ ಅದು ಮತ್ತೊಂದು ಸುಳ್ಳಾಗುತ್ತದೆ. ಈಗಲೂ ಕಾಲುಚೀಲ ಹಾಕಿಕೊಂಡೇ ಕಾಲೇಜಿಗೆ ಹೋಗುತ್ತೇನೆ. ಹೊಸ ತರಗತಿಯ ಮೊದಲ ದಿನ ಬೋರ್ಡಿನ ಮೇಲೆ ಬರೆಯುವಾಗ ಮಕ್ಕಳ ಕಣ್ಣು ಅಕ್ಷರದ ಮೇಲಿದೆಯೋ ಬೆರಳಿನ ಮೇಲಿದೆಯೋ ಎಂದು ಬೆನ್ನಿಗೇ ಗೊತ್ತಾಗುತ್ತದೆ. ಕೆಲವು ದಿನ ಕೈ ಬದಲಿಸುತ್ತೇನೆ, ಎಡಗೈಯಲ್ಲಿ ಬರೆದದ್ದು ಯಾರಿಗೂ ಓದಲು ಬರುವುದಿಲ್ಲ, ಮತ್ತೆ ಬಲಗೈಗೇ ತೆಗೆದುಕೊಳ್ಳುತ್ತೇನೆ.